ಬೀರುವಿನಲ್ಲಿ ಬೂಷ್ಟು

ಬೋರನಕಣಿವೆಯ ಸುತ್ತಿನ ಸೀಮೆಯನ್ನು ಕಂಡವರು ಯಾರೂ ಅದನ್ನು ತೇವದ ನಾಡೆಂದು ಕರೆಯಲಾರರು. ಗುಡ್ಡಗಳ ನಡುವೆ ಸುವರ್ಣಮುಖಿಗೆ ಅಡ್ಡಲಾಗಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಣೆ. ಅದರ ಹಿಂದೆ ಮಳೆ ಬಂದ ವರ್ಷ ಹಿಗ್ಗಿ, ಬಾರದ ವರ್ಷ ಕುಗ್ಗುವ ನೀರು. ಉಳಿದಂತೆ ಕೆಮ್ಮಣ್ಣು, ಕುರುಚಲು, ತೆಂಗಿನ ಸಾಲು. ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರು ಈ ಮೂರೂ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಆರೇಳುನೂರು ಮಿಲಿಮೀಟರು ಮಾತ್ರ. ಆಗುಂಬೆಯಲ್ಲಿ ಏಳು ಸಾವಿರ ಮಿಲಿಮೀಟರನ್ನೂ ಮೀರುತ್ತದೆ. ಇಲ್ಲಿ ಹತ್ತು ವರ್ಷ ಸುರಿಯುವ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಸುರಿದು ಹೋಗುತ್ತದೆ.

ಆದ್ದರಿಂದಲೇ ಈ ಕಡೆಯ ಗೃಹಿಣಿಯರು ತಮ್ಮ ಮಲಗುವ ಕೋಣೆಯ ಬೀರುವಿನಲ್ಲಿ ಬೂಷ್ಟು ಕಂಡಾಗ ಮೊದಲು ಬೆರಗಾಗುತ್ತಾರೆ, ಆಮೇಲೆ ನಾಚುತ್ತಾರೆ. ಬೆರಗಿಗೆ ಕಾರಣ ಹೇಳಿಯಾಯಿತು. ನಾಚಿಕೆಗೆ ಕಾರಣ, ಬೂಷ್ಟು ಎಂದರೆ ಕೊಳೆ, ಕೊಳೆ ಎಂದರೆ ಮನೆಯಾಕೆಯ ಸೋಮಾರಿತನ ಎಂಬ ಹಳೆಯ ನಂಬಿಕೆ. ಮಲೆನಾಡಿನ ಮನೆಯಲ್ಲಾದರೆ ಮಳೆಯ ಮೇಲೆ ತಪ್ಪು ಹೊರಿಸಬಹುದು. ತೆಂಗಿನ ಸೀಮೆಯಲ್ಲಿ ಆ ಅನುಕೂಲವೂ ಇಲ್ಲ! ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ, ನೆಂಟರ ಮದುವೆಗೆಂದು ಬೀರುವಿನ ಬಾಗಿಲು ತೆರೆದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತದೆ. ಕೆಳಗಿನ ಅರೆಯ ಹಿಂಬದಿಯಲ್ಲಿ ಕರಿ ಚುಕ್ಕೆಗಳು. ಯಜಮಾನರ ಕೋಟಿನ ಕತ್ತುಪಟ್ಟಿಯ ಮೇಲೆ ಬೂದಿ ಚೆಲ್ಲಿದಂತೆ ಬಿಳಿಯ ನವಿರು. ಚರ್ಮದ ಪಟ್ಟಿಯ ಮೇಲೆ ಹಸಿರು. ಒರೆಸಿ, ಕರ್ಪೂರದ ಬಿಲ್ಲೆಯೊಂದನ್ನು ಇಟ್ಟು ಬಾಗಿಲು ಮುಚ್ಚಿದ್ದಾಯಿತು. ತಿಂಗಳೊಪ್ಪತ್ತಿನಲ್ಲಿ ಬೂಷ್ಟು ಅದೇ ಜಾಗಕ್ಕೆ ಮತ್ತೆ ಬಂದು ಕೂತಿರುತ್ತದೆ.

ನಾಚಿಕೆಯನ್ನು ಮೊದಲು ಬಿಟ್ಟುಬಿಡಬೇಕು. ಬೂಷ್ಟು ಒಂದು ಸಣ್ಣ ಶಿಲೀಂಧ್ರ. ಅದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಗಾಳಿಯಲ್ಲೆಲ್ಲ ತೇಲುತ್ತಿರುತ್ತವೆ. ಅರಮನೆಯಲ್ಲೂ ಉಂಟು, ಗುಡಿಸಲಲ್ಲೂ ಉಂಟು. ಇವು ಬಾರದಂತೆ ತಡೆಯುವುದು ಯಾರಿಂದಲೂ ಆಗದ ಕೆಲಸ. ಅವುಗಳಿಗೆ ಬೇಕಾದ ಆಹಾರವೂ ಎಲ್ಲೆಡೆ ದೊರೆಯುತ್ತದೆ: ಮರ, ಕಾಗದ, ಹತ್ತಿ, ಚರ್ಮ, ಅಂಟು, ಬಟ್ಟೆಯ ಗಂಜಿ, ಬೆವರಿನ ಕಲೆ, ಅಷ್ಟೇಕೆ, ಬರಿಯ ಧೂಳು. ನಮ್ಮ ಕೈಯಲ್ಲಿರುವುದು ಒಂದೇ ಒಂದು, ಅದು ನೀರು. ತೇವವಿಲ್ಲದೆ ಬೀಜಕಣ ಮೊಳೆಯಲಾರದು. ಒದ್ದೆಯಾದ ವಸ್ತು ಒಂದೆರಡು ದಿನದೊಳಗೆ ಒಣಗಿಬಿಟ್ಟರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ; ಅದಕ್ಕೂ ಮೀರಿ ಒದ್ದೆಯಾಗಿಯೇ ಉಳಿದರೆ ಹಿಡಿಯುತ್ತದೆ. ಹಾಗಾಗಿ ಬೀರುವಿನಲ್ಲಿ ಬೂಷ್ಟು ಕಂಡವರು ಕೇಳಬೇಕಾದ ಪ್ರಶ್ನೆ "ಯಾವ ಔಷಧಿ ಹಚ್ಚಲಿ?" ಎಂಬುದಲ್ಲ, "ಇಲ್ಲಿಗೆ ನೀರು ಎಲ್ಲಿಂದ ಬಂತು, ಬಂದದ್ದು ಏಕೆ ಹೋಗಲಿಲ್ಲ?" ಎಂಬುದು.

ಈ ಪ್ರಶ್ನೆಗೆ ತೆಂಗಿನ ಸೀಮೆಯ ರೈತರು ಬಹು ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಉಂಡೆಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆ ದೇಶಕ್ಕೆಲ್ಲ ಹೆಸರಾದದ್ದು. ಆ ಗಿಟುಕು ಹೇಗೆ ತಯಾರಾಗುತ್ತದೆಂಬುದನ್ನು ಪಟ್ಟಣದ ಮಕ್ಕಳು ಅರಿಯರು. ಅಂಗಡಿಯಲ್ಲಿ ಹಾಗೆಯೇ ಹುಟ್ಟಿತೆಂದು ತಿಳಿದಿರಲೂ ಸಾಕು. ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಏರಿಸುತ್ತಾರೆ. ಅಟ್ಟದ ನೆಲ ಗಚ್ಚಿನದಲ್ಲ, ಹಲಗೆಯನ್ನು ಒತ್ತಾಗಿ ಜೋಡಿಸಿದ್ದೂ ಅಲ್ಲ. ಬಿದಿರನ್ನೋ ಮರದ ಪಟ್ಟಿಗಳನ್ನೋ ನಡುನಡುವೆ ಸಂದು ಬಿಟ್ಟು ಹಾಸಿದ್ದು. ಕೆಳಗಿನಿಂದ ಗಾಳಿ ಏರಬೇಕು, ಮೇಲೆ ಹೆಂಚಿನ ಸಂದಿನಲ್ಲಿ ಹೊರಗೆ ಹೋಗಬೇಕು. ಅಡಿಗೆಮನೆಯ ಮೇಲಿನ ಅಟ್ಟವಾದರೆ ಒಲೆಯ ಬಿಸಿಯೂ ಹೊಗೆಯೂ ಜೊತೆಗೆ ಒದಗುತ್ತಿದ್ದವು. ಹೀಗೆ ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷ. ಒಳಗಿನ ಎಳನೀರು ನಿಧಾನವಾಗಿ ಇಂಗುತ್ತದೆ. ತಿರುಳು ಕುಗ್ಗಿ ಚಿಪ್ಪನ್ನು ಬಿಡುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ನೀರಿನ ಕುಲುಕಾಟವಿಲ್ಲದೆ ಗಡಗಡ ಸದ್ದು ಕೇಳುತ್ತದೆ. ಹಸಿ ಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ನೀರಿರುತ್ತದೆ. ಒಳ್ಳೆಯ ಕೊಬ್ಬರಿಯಲ್ಲಿ ಅದು ನೂರಕ್ಕೆ ಆರೇಳು ಭಾಗಕ್ಕೆ ಇಳಿದಿರುತ್ತದೆ.

ಇದರಲ್ಲಿರುವ ವಿವೇಕವನ್ನು ಗಮನಿಸಬೇಕು. ಎಣ್ಣೆಯೂ ಸಕ್ಕರೆಯೂ ತುಂಬಿದ, ಶಿಲೀಂಧ್ರಕ್ಕೆ ಹಬ್ಬದೂಟದಂಥ ಪದಾರ್ಥವನ್ನು ಸಾವಿರಗಟ್ಟಲೆ ಕೂಡಿಟ್ಟು, ಮಳೆಗಾಲವೊಂದನ್ನು ದಾಟಿಸಿ, ಯಾವ ಔಷಧಿಯನ್ನೂ ಸಿಂಪಡಿಸದೆ ಬೂಷ್ಟಿನಿಂದ ಕಾಪಾಡುವ ವಿದ್ಯೆ ಅದು. ಮೂರೇ ನಿಯಮ. ನೆಲಕ್ಕೂ ಗೋಡೆಗೂ ತಾಗಿಸಬಾರದು. ಕೆಳಗೂ ಮೇಲೂ ಗಾಳಿಯಾಡಬೇಕು. ಬಿರುಕು ಬಿಟ್ಟದ್ದನ್ನು ಆಗಾಗ ಆರಿಸಿ ತೆಗೆಯಬೇಕು. ಇಷ್ಟನ್ನು ಬಲ್ಲ ಮನೆತನದವರೇ ಅದೇ ಕೊಬ್ಬರಿಯ ದುಡ್ಡಿನಲ್ಲಿ ಹೊಸ ಮನೆ ಕಟ್ಟಿಸಿ, ಮೂರು ನಿಯಮಗಳನ್ನೂ ಮುರಿದ ಬೀರುವೊಂದನ್ನು ಮಲಗುವ ಕೋಣೆಯಲ್ಲಿ ಮಾಡಿಸಿಕೊಳ್ಳುತ್ತಾರೆ. ತಿಪಟೂರಿನಲ್ಲಾಗಲಿ, ಅಲ್ಲಿಂದ ಬಂದು ನೆಲೆಸಿದ ಬೆಂಗಳೂರಿನ ಬಡಾವಣೆಗಳಲ್ಲಾಗಲಿ ಇದೇ ಕಥೆ.

ಹೊಸ ಮನೆಯ ಬೀರುವನ್ನು ಒಮ್ಮೆ ನೋಡಿ. ಅದು ಗೋಡೆಯಲ್ಲೇ ಹುದುಗಿದೆ. ಆ ಗೋಡೆ ಬಹುಪಾಲು ಹೊರಗೋಡೆ, ಇಲ್ಲವಾದರೆ ಸ್ನಾನದ ಮನೆಗೂ ಕೋಣೆಗೂ ನಡುವಣ ಗೋಡೆ. ಹಿಂಬದಿಗೆ ಬೇರೆ ಹಲಗೆಯಿಲ್ಲ. ಇದ್ದರೆ ಗೋಡೆಗೆ ಒತ್ತಿ ಮೊಳೆ ಹೊಡೆದ ಪ್ಲೈವುಡ್. ಒಳಗೆ ಎಣ್ಣೆಬಣ್ಣ, ನೆಲಕ್ಕೆ ಕೂತ ಕೆಳ ಅರೆ, ಗಾಳಿಗೆ ಒಂದು ಸೂಜಿಯಷ್ಟೂ ಸಂದು ಬಿಡದ ಅಂದವಾದ ಬಾಗಿಲು. ಅಂದವಾದದ್ದೆಂಬುದು ನಿಜ, ಬಡಗಿಯ ಕುಶಲತೆಯನ್ನು ಹಳಿಯಲಾಗದು. ಆದರೆ ಹಳೆಯ ಹೆಂಚಿನ ಮನೆ ಹಗಲಿರುಳೂ ಉಸಿರಾಡುತ್ತಿತ್ತು, ಕಾಂಕ್ರೀಟಿನ ತಾರಸಿ ಉಸಿರಾಡುವುದಿಲ್ಲ. ಸೊಳ್ಳೆಗೆ ಹೆದರಿ ಸಂಜೆ ಐದಕ್ಕೆ ಕಿಟಕಿ ಹಾಕುತ್ತೇವೆ. ಚಳಿಗೆ ಹೆದರಿ ಬೆಳಗ್ಗೆ ಎಂಟರವರೆಗೆ ತೆಗೆಯುವುದಿಲ್ಲ. ಈ ನಡುವೆ ಮಲಗಿದ ಪ್ರತಿಯೊಬ್ಬರೂ ಉಸಿರಿನಿಂದಲೂ ಬೆವರಿನಿಂದಲೂ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಗಾಳಿಗೆ ಸೇರಿಸುತ್ತಾರೆ. ಗಂಡ, ಹೆಂಡತಿ, ಒಂದು ಮಗು ಇರುವ ಕೋಣೆಯಲ್ಲಿ ಬೆಳಗಾಗುವುದರೊಳಗೆ ಒಂದು ಚೊಂಬಿನಷ್ಟು ನೀರು. ಅದು ಎಲ್ಲಿಗೆ ಹೋಗಬೇಕು?

ಮನೆಯಲ್ಲಿ ತೀರ ತಣ್ಣಗಿರುವ ಜಾಗಕ್ಕೆ ಹೋಗುತ್ತದೆ. ಇದು ಭೌತಶಾಸ್ತ್ರದ ಸಣ್ಣ ಲೆಕ್ಕ. ಕೋಣೆಯ ಗಾಳಿ 25 ಡಿಗ್ರಿ ಉಷ್ಣತೆಯಲ್ಲಿದ್ದು ಅದರ ಆರ್ದ್ರತೆ ನೂರಕ್ಕೆ 60 ಇದೆ ಎಂದಿಟ್ಟುಕೊಳ್ಳಿ. ಅದೇನೂ ಕೆಟ್ಟ ಗಾಳಿಯಲ್ಲ. ಅದೇ ಗಾಳಿ ಬೀರುವಿನ ಸಂದಿನಿಂದ ಒಳಹೊಕ್ಕು 20 ಡಿಗ್ರಿಯ ತಣ್ಣನೆ ಗೋಡೆಯನ್ನು ಮುಟ್ಟಿದಾಗ ಅದರ ಆರ್ದ್ರತೆ ನೂರಕ್ಕೆ 80ನ್ನು ದಾಟುತ್ತದೆ. ಬೂಷ್ಟಿಗೆ ಅಷ್ಟು ಸಾಕು. ನೀರು ಹನಿಯಾಗಿ ಕಾಣಿಸಬೇಕಾದ ಅಗತ್ಯವೇ ಇಲ್ಲ. ಒಣ ಸೀಮೆಯ ಬೀರುವಿನಲ್ಲಿ ಬೂಷ್ಟು ಬೆಳೆಯುವ ಗುಟ್ಟು ಇದು. ಹೊರಗೆ ಎಷ್ಟು ಮಿಲಿಮೀಟರು ಮಳೆ ಬಿತ್ತೆಂಬುದನ್ನು ಬೂಷ್ಟು ಕೇಳುವುದಿಲ್ಲ. ಬಟ್ಟೆಯ ಗಂಟಿಗೂ ಗೋಡೆಗೂ ನಡುವೆ ಇರುವ ಬೆರಳಗಲದ ಗಾಳಿಯ ಹವಾಮಾನವೇ ಅದರ ಹವಾಮಾನ.

ತುಮಕೂರಿನ ಕಡೆ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಗೋಡೆಗಳು ನೀರು ಕುಡಿದು ಒಣಗುವ ಮೊದಲೇ ಚಳಿ ಬರುತ್ತದೆ. 2022ರಂಥ ವರ್ಷವಾದರಂತೂ ಹೇಳುವುದೇ ಬೇಡ. ಜಿಲ್ಲೆಯ ಕೆರೆಗಳು ಕೋಡಿ ಹರಿದ ಆ ಮಳೆಗಾಲದ ನಂತರ ಅಡಿಪಾಯದಿಂದ ಮೇಲೇರಿದ ತೇವ ಒಣಗಲು ತಿಂಗಳುಗಳೇ ಬೇಕಾದವು. ಕೆರೆ ತುಂಬಿದ ಸಂತೋಷದಲ್ಲಿ ಗೋಡೆಯನ್ನು ನೋಡುವ ವ್ಯವಧಾನ ಯಾರಿಗೆ?

ಇದನ್ನು ಬರಿಯ ಬಟ್ಟೆಬರೆಯ ಮಾತೆಂದು ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗೆಗೆ ಒಂದು ಮಾರ್ಗದರ್ಶಿಯನ್ನು ಹೊರತಂದಿತು. ತೇವದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ ಮತ್ತು ಶ್ವಾಸದ ತೊಂದರೆಗಳು ಹೆಚ್ಚೆಂಬುದು ಅದರ ಸಾರ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಗಂಡುಮಗುವೊಂದು ತೀರಿಕೊಂಡಿತು. ಆ ಮಗುವಿನ ಶ್ವಾಸಕೋಶ ಕೆಟ್ಟದ್ದು ಮನೆಯ ಬೂಷ್ಟಿನಿಂದಲೇ ಎಂದು 2022ರ ನವೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ತಂದೆ ದೂರು ಕೊಟ್ಟಾಗ, ಬೂಷ್ಟಿನ ಮೇಲೆ ಬಣ್ಣ ಬಳಿಯಿರೆಂಬ ಸಲಹೆ ಸಿಕ್ಕಿತ್ತೆಂಬುದು ವಿಚಾರಣೆಯಲ್ಲಿ ಹೊರಬಂತು. ಬಾಡಿಗೆ ಮನೆಗಳ ಬೂಷ್ಟನ್ನು ಗೊತ್ತಾದ ಅವಧಿಯೊಳಗೆ ಸರಿಪಡಿಸಲೇಬೇಕೆಂಬ ಕಾನೂನು ಅಲ್ಲಿ ಬಂದದ್ದು ಆ ಮಗುವಿನ ಸಾವಿನ ಬಳಿಕ.

ಬೀರುವಿನ ಒಂದು ಮೂಲೆಯ ಕರಿ ಚುಕ್ಕೆಯನ್ನು ಕಂಡು ಇಷ್ಟು ಹೆದರಬೇಕಾಗಿಲ್ಲ. ಆದರೆ ಮಲಗುವ ಕೋಣೆ ನಾವು ದಿನದ ಮೂರನೆಯ ಒಂದು ಭಾಗವನ್ನು ಕಳೆಯುವ ಜಾಗ, ಮಗು ಅದಕ್ಕಿಂತ ಹೆಚ್ಚು ಕಳೆಯುವ ಜಾಗ ಎಂಬುದು ನೆನಪಿರಲಿ. ಮನೆಯಲ್ಲಿ ಉಬ್ಬಸದವರಿದ್ದು, ರಾತ್ರಿಯ ಕೆಮ್ಮು ಆ ಕೋಣೆಯಲ್ಲಿ ಮಾತ್ರ ಹೆಚ್ಚಾಗುತ್ತಿದ್ದರೆ ವೈದ್ಯರಿಗೆ ಗೋಡೆಯ ಸಂಗತಿಯನ್ನೂ ತಿಳಿಸಿ. ಅವರು ಮನೆಗೆ ಬಂದು ನೋಡುವುದಿಲ್ಲವಾದ್ದರಿಂದ ನಾವು ಹೇಳದೆ ಅವರಿಗೆ ತಿಳಿಯದು.

ಇನ್ನು ಕೆಲಸಕ್ಕೆ ಬರೋಣ. ಮೊದಲು ನೀರಿನ ಮೂಲ ಪತ್ತೆಯಾಗಬೇಕು. ಬೀರುವನ್ನು ಪೂರ್ತಿ ಬರಿದುಮಾಡಿ, ಬೂಷ್ಟು ಕಂಡ ಜಾಗದ ಪಕ್ಕದಲ್ಲಿ ಗೋಡೆಯನ್ನು ಒರೆಸಿ ಒಣಗಿಸಿ, ಒಂದು ಅಂಗೈ ಅಗಲದ ಅಲ್ಯುಮಿನಿಯಂ ಹಾಳೆಯನ್ನು ನಾಲ್ಕು ಅಂಚುಗಳಲ್ಲೂ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ತೇವ ಬಂದದ್ದು ಕೋಣೆಯ ಗಾಳಿಯಿಂದ. ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ಗೋಡೆಯೇ ನೀರು ಕುಡಿದಿದೆ. ಆಗ ತೇವದ ಗುರುತನ್ನು ಕಣ್ಣಿಂದ ಹಿಂಬಾಲಿಸಬೇಕು. ನೆಲದಿಂದ ಮೊಳದೆತ್ತರದವರೆಗೆ ಉಪ್ಪು ಹೂತಂತೆ ಬಿಳಿಪುಡಿ ಉದುರುತ್ತಿದ್ದರೆ ನೆಲದ ತೇವ ಮೇಲೇರಿದೆ. ಮೇಲಿನ ಮೂಲೆಯಿಂದ ಕೆಳಗೆ ಇಳಿದಿದ್ದರೆ ತಾರಸಿಯನ್ನೂ ಮಳೆನೀರಿನ ಕೊಳವೆಯನ್ನೂ ನೋಡಿ. ಸ್ನಾನದ ಮನೆಯ ಕಡೆಯ ಗೋಡೆಯಲ್ಲಿ, ನಲ್ಲಿಯ ಎತ್ತರದಲ್ಲಿ ಇದ್ದರೆ ಒಳಗಿನ ಕೊಳವೆಯೋ ಟೈಲುಗಳ ಸಂದೋ ಸೋರುತ್ತಿದೆ. ಇವು ಮೂರೂ ಕೆಲಸದವರನ್ನು ಕರೆಸಿ ಮಾಡಿಸಬೇಕಾದ ರಿಪೇರಿ. ಅದಾಗುವ ಮೊದಲು ಬೀರುವನ್ನು ಎಷ್ಟು ತಿಕ್ಕಿದರೂ ಶ್ರಮ ವ್ಯರ್ಥ. ಬಾಡಿಗೆ ಮನೆಯಲ್ಲಿರುವವರು ಹಾಳೆಯನ್ನು ಕೀಳುವ ಮುನ್ನ ಮನೆಯೊಡೆಯರನ್ನು ಕರೆದು ತೋರಿಸುವುದು ಒಳ್ಳೆಯದು. ಕಣ್ಣೆದುರಿನ ನೀರಿನ ಮುಂದೆ ವಾದ ನಿಲ್ಲುವುದಿಲ್ಲ.

ಶುಚಿಮಾಡುವಾಗ ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವುದು ಒಣ ಪೊರಕೆಯನ್ನು. ಅದು ಸಲ್ಲದು. ಒಣಗಿದ ಬೂಷ್ಟನ್ನು ಗುಡಿಸಿದರೆ ಲಕ್ಷಾಂತರ ಬೀಜಕಣಗಳು ಎದ್ದು ಕೋಣೆಯನ್ನೆಲ್ಲ ಹರಡುತ್ತವೆ, ಗುಡಿಸಿದವರ ಮೂಗಿಗೂ ಹೋಗುತ್ತವೆ. ಕಿಟಕಿ ತೆರೆದು, ಮನೆಯ ಒಳಗಡೆಯ ಬಾಗಿಲನ್ನು ಮುಚ್ಚಿ, ಪಂಖ ನಿಲ್ಲಿಸಿ, ಮೂಗುಬಾಯಿಗೆ ಒಳ್ಳೆಯ ಮುಖಗವಸನ್ನೂ ಕೈಗೆ ರಬ್ಬರಿನ ಗವಸನ್ನೂ ಹಾಕಿಕೊಂಡು, ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಮಕ್ಕಳನ್ನೂ ಉಬ್ಬಸದವರನ್ನೂ ಆ ಹೊತ್ತು ಪಕ್ಕದ ಮನೆಗೆ ಕಳಿಸಿ. ಒರೆಸಿದ ಬಟ್ಟೆಯನ್ನು ತೊಳೆದು ಮತ್ತೆ ಬಳಸುವ ಮಿತವ್ಯಯ ಇಲ್ಲಿ ಬೇಡ. ಚೀಲದಲ್ಲಿ ಕಟ್ಟಿ ಎಸೆಯಿರಿ. ಬಳಿಕ ಬಿಳಿಯ ವಿನಿಗರನ್ನು ಹಚ್ಚಿ ಒಂದು ಗಂಟೆ ಬಿಟ್ಟು, ಶುದ್ಧ ನೀರಿನಿಂದ ಒರೆಸಿ. ಅಂಚುಕಲ್ಲು, ಗಾಜು, ಲೋಹದಂಥ ನೀರು ಹೀರದ ಮೈಗಳಿಗೆ ಬ್ಲೀಚ್ ದ್ರಾವಣ ಒಂದು ಭಾಗಕ್ಕೆ ಹದಿನಾರು ಭಾಗ ನೀರು ಬೆರೆಸಿ ಬಳಸಬಹುದು. ಮರಕ್ಕೂ ಗಾರೆಗೂ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೇಲಿನ ಕಪ್ಪು ಹೋಗಿ ಬಿಳಿಯಾಗುತ್ತದೆ, ಒಳಗಿನ ಬೇರು ಉಳಿಯುತ್ತದೆ, ಸಾಲದ್ದಕ್ಕೆ ದ್ರಾವಣದ ನೀರೂ ಒಳಗಿಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಎರಡು ಸಲ ಓದಿಕೊಳ್ಳಿ. ಬ್ಲೀಚಿಗೆ ವಿನಿಗರನ್ನಾಗಲಿ, ನಿಂಬೆರಸವನ್ನಾಗಲಿ, ಕಕ್ಕಸು ತೊಳೆಯುವ ಆಮ್ಲವನ್ನಾಗಲಿ, ಅಮೋನಿಯಾ ಇರುವ ದ್ರವವನ್ನಾಗಲಿ ಎಂದೂ ಬೆರೆಸಕೂಡದು. ಎರಡು ಒಳ್ಳೆಯ ಔಷಧಿ ಸೇರಿದರೆ ಇನ್ನೂ ಒಳ್ಳೆಯದಾಗುತ್ತದೆಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಹುಟ್ಟುವುದು ವಿಷಗಾಳಿ, ಅದೂ ಬೀರುವಿನೊಳಗೆ ತಲೆಯಿಟ್ಟವರ ಮುಖಕ್ಕೆ ನೇರವಾಗಿ.

ಪ್ಲೈವುಡ್ ಉಬ್ಬಿ ಪದರ ಬಿಟ್ಟಿದ್ದರೆ ಅದನ್ನು ಉಳಿಸುವ ಪ್ರಯತ್ನ ಬೇಡ. ಆ ಒಂದು ಹಲಗೆಯನ್ನು ಕೀಳಿಸಿ. ಬೂಷ್ಟು ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ಹೆಚ್ಚು ಹರಡಿದ್ದರೂ ಮನೆಯವರೇ ತಿಕ್ಕಲು ಹೋಗದೆ, ಗೋಡೆಯ ಗಾರೆಯನ್ನು ಕೆತ್ತಿಸಿ ಹೊಸದಾಗಿ ಮಾಡಿಸುವುದು ಲೇಸು. ಶುಚಿಮಾಡಿದ ಮೇಲೆ ಬಾಗಿಲು ತೆರೆದು, ಮೇಜಿನ ಪಂಖವನ್ನು ಬೀರುವಿನ ಕಡೆಗೆ ತಿರುಗಿಸಿ, ಎರಡು ದಿನ ಪೂರ್ತಿ ಒಣಗಿಸಬೇಕು. ಸಂಜೆಗೆ ಮುಗಿಸಿ ರಾತ್ರಿಯೇ ಬಟ್ಟೆ ಜೋಡಿಸುವ ಆತುರವೇ ಅರ್ಧ ಮನೆಗಳಲ್ಲಿ ಬೂಷ್ಟು ಮರಳಿ ಬರಲು ಕಾರಣ.

ಒಣಗಿದ ಗೋಡೆಗೆ ಏನು ಬಳಿಯಬೇಕು? ಅಜ್ಜಿಯ ಕಾಲದ ಸುಣ್ಣವನ್ನೇ ಎಂದು ಹೇಳಿದರೆ ಕೆಲವರಿಗೆ ನಗು ಬರಬಹುದು. ಸುಣ್ಣ ಪ್ರಬಲವಾದ ಕ್ಷಾರ. ಹೊಸದಾಗಿ ಬಳಿದ ಸುಣ್ಣದ ಮೇಲೆ ಬೂಷ್ಟು ಬೇರೂರಲಾರದು. ಅದಕ್ಕಿಂತ ಮುಖ್ಯವಾಗಿ, ಸುಣ್ಣದ ಪದರ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಎಣ್ಣೆಬಣ್ಣವೂ ಪ್ಲಾಸ್ಟಿಕ್ ಬಣ್ಣವೂ ಅದನ್ನು ಒಳಗೇ ಕೂಡಿಹಾಕುತ್ತವೆ. ಬಟ್ಟೆಗೆ ಬಿಳಿಪುಡಿ ಹತ್ತುತ್ತದೆಂಬ ದೂರು ನ್ಯಾಯವಾದದ್ದು. ಆದರೆ ಬಟ್ಟೆ ಗೋಡೆಯನ್ನು ಮುಟ್ಟಲೇಬಾರದು ಎಂಬುದೇ ನಮ್ಮ ವಾದವಾದ್ದರಿಂದ, ಮುಟ್ಟಿದರೆ ಗುರುತು ಹೇಳುವ ಬಣ್ಣವಿದ್ದರೆ ಒಳ್ಳೆಯದೇ ಆಯಿತಲ್ಲ!

ಇಲ್ಲಿ ಮತ್ತೆ ಅಟ್ಟದ ವಿದ್ಯೆಗೆ ಬರಬೇಕು. ಅರೆಗಳ ಹಲಗೆಯನ್ನು ಗೋಡೆಗೆ ತಾಗಿಸದೆ ಎರಡು ಬೆರಳಗಲ ಬಿಟ್ಟು ಕೊಯ್ಸಿ. ಇನ್ನೂ ಒಳ್ಳೆಯದೆಂದರೆ ಇಡೀ ಹಲಗೆಯ ಬದಲು ಸಂದು ಬಿಟ್ಟು ಹೊಡೆದ ಪಟ್ಟಿಗಳು. ಬಾಗಿಲಿನ ಕೆಳಭಾಗದಲ್ಲೂ ಮೇಲ್ಭಾಗದಲ್ಲೂ ಜಾಲರಿ ಕೂರಿಸಿದ ಒಂದೊಂದು ಕಿಂಡಿ ಇರಲಿ. ಒಂದೇ ಕಿಂಡಿಯಿಂದ ಗಾಳಿ ಆಡುವುದಿಲ್ಲ, ಬರುವುದಕ್ಕೊಂದು ಹೋಗುವುದಕ್ಕೊಂದು ಬೇಕು. ಕೆಳಗಿನ ಅರೆ ನೆಲದಿಂದ ಗೇಣೆತ್ತರದಲ್ಲಿರಲಿ. ಬೀರು ಮುಕ್ಕಾಲು ಭಾಗ ಮಾತ್ರ ತುಂಬಿರಲಿ. ಈ ಕೊನೆಯದು ಎಲ್ಲಕ್ಕಿಂತ ಸುಲಭವಾದದ್ದು, ಎಲ್ಲಕ್ಕಿಂತ ಕಷ್ಟವಾದದ್ದೂ ಹೌದು. ಯಾವ ಸೀರೆಯನ್ನು ಯಾರಿಗೆ ಕೊಡಬೇಕೆಂಬುದು ಗೃಹಿಣಿಯರಿಗೆ ಬಿಟ್ಟ ವಿಷಯ. ಅಂಕಣಕಾರರು ಅದರಲ್ಲಿ ಬಾಯಿ ಹಾಕುವುದು ಕ್ಷೇಮವಲ್ಲ. ಮಂಚವೂ ಬಿಡಿಬೀರುವೂ ಹೊರಗೋಡೆಗೆ ಒತ್ತಿರಬಾರದು. ಸಾಧ್ಯವಾದರೆ ಒಳಗೋಡೆಯ ಕಡೆಗೆ ಸ್ಥಳ ಬದಲಾಯಿಸಿ.

ಬಾಗಿಲನ್ನು ಯಾವಾಗ ತೆರೆದಿಡಬೇಕೆಂಬುದರಲ್ಲೂ ವಿವೇಚನೆ ಬೇಕು. ಬೆಳಗಿನ ತಂಪುಗಾಳಿ ಆರೋಗ್ಯಕ್ಕೆ ಹಿತವೆಂದು ಇಬ್ಬನಿ ಬೀಳುವ ಹೊತ್ತಿನಲ್ಲಿ ಬೀರು ತೆರೆದರೆ ತೇವವನ್ನು ಕರೆದು ಮಣೆ ಹಾಕಿದಂತೆ. ಬಯಲುಸೀಮೆಯ ಗಾಳಿ ಒಣಗಿರುವುದು ಹನ್ನೊಂದರಿಂದ ಮೂರು ಗಂಟೆಯವರೆಗೆ. ಬಿಸಿಲಿರುವ ದಿನ ಆ ಹೊತ್ತಿನಲ್ಲಿ ಕಿಟಕಿಯನ್ನೂ ಬೀರುವನ್ನೂ ಒಟ್ಟಿಗೆ ತೆರೆಯಿರಿ. ಮಳೆ ಹಿಡಿದ ದಿನ ಬೀರು ಮುಚ್ಚಿಯೇ ಇರಲಿ. ಆರ್ದ್ರತೆಯನ್ನು ಅಳೆಯುವ ಅಂಗೈಯಗಲದ ಉಪಕರಣ ಈಗ ಒಂದು ಹತ್ತಿ ಸೀರೆಗಿಂತ ಕಡಿಮೆ ಬೆಲೆಗೆ ದೊರೆಯುತ್ತದೆ. ಬೀರುವಿನೊಳಗೆ ಅದನ್ನಿಟ್ಟು, ನೂರಕ್ಕೆ 60ರ ಒಳಗಿದ್ದರೆ ನಿಶ್ಚಿಂತೆಯಾಗಿರಬಹುದು. 70ನ್ನು ದಾಟಿ ದಿನಗಟ್ಟಲೆ ನಿಂತರೆ ಏನಾದರೂ ಮಾಡಲೇಬೇಕು. ಕೋಣೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದನ್ನು ಬಿಟ್ಟರೇ ಆ ಅಂಕಿ ಇಳಿಯುವುದನ್ನು ಕಣ್ಣಾರೆ ಕಾಣುವಿರಿ. ಒಂದು ಒಗೆತದ ಬಟ್ಟೆ ಒಣಗುವಾಗ ಲೀಟರುಗಟ್ಟಲೆ ನೀರು ಗಾಳಿಗೆ ಸೇರುತ್ತದೆ.

ಬಟ್ಟೆಗಳ ವಿಷಯ. ಗಂಜಿ ಹಾಕಿದ ಹತ್ತಿ ಸೀರೆ, ಪಂಚೆಗಳನ್ನು ಮಳೆಗಾಲಕ್ಕೆ ಮಡಿಸಿಡಬೇಡಿ. ಗಂಜಿ ಅನ್ನವೇ ಅಲ್ಲವೆ? ಬೂಷ್ಟಿಗೂ ಅದು ಅನ್ನವೇ. ಒಗೆದು, ಗಂಜಿಯಿಲ್ಲದೆ ಒಣಗಿಸಿ ಇಟ್ಟು, ಉಡುವ ಮುನ್ನ ಗಂಜಿ ಹಾಕಿಕೊಳ್ಳಬಹುದು. ಇಸ್ತ್ರಿಯಿಂದ ಬಂದ ಬಟ್ಟೆ ಬೆಚ್ಚಗಿರುವಾಗಲೇ ಬೀರು ಸೇರಬಾರದು. ಅದರ ಹಬೆ ಆರಲು ಒಂದು ಗಂಟೆ ಬೇಕು. ಒಮ್ಮೆ ಉಟ್ಟು ಬಿಚ್ಚಿದ್ದನ್ನು ಬೆವರಿನೊಂದಿಗೆ ಮಡಿಸಿಡುವ ಅಭ್ಯಾಸ ಹೋಗಬೇಕು. ಬೂಷ್ಟು ಹಿಡಿದ ಹತ್ತಿ ಬಟ್ಟೆಯನ್ನು ಅಂಗಳದಲ್ಲಿ ಕೊಡವಿ, ಬಿಸಿನೀರು ಸಾಬೂನಿನಲ್ಲಿ ಒಗೆದು, ಕಡು ಬಿಸಿಲಿಗೆ ಹಾಕಿ. ರೇಷ್ಮೆಗೆ ಬಿಸಿಲೂ ಬ್ಲೀಚೂ ಎರಡೂ ಶತ್ರು. ನೆರಳಿನ ಗಾಳಿಯಲ್ಲಿ ಆರಿಸಿ, ಮೆತ್ತನೆಯ ಬಟ್ಟೆಯಿಂದ ನಯವಾಗಿ ಒರೆಸಿ, ಕಲೆ ಉಳಿದರೆ ತಿಳಿದ ಒಗೆಯುವವರಿಗೆ ಕೊಡುವುದು ಸರಿ. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟ ಸೀರೆ ಭದ್ರವಾಗಿದೆಯೆಂದು ನಂಬಬೇಡಿ. ಚೀಲದೊಳಗೆ ಸಿಕ್ಕ ತೇವ ಹೊರಬರಲಾರದು. ಹಳೆಯ ಮಲ್ಲಿನ ಪಂಚೆಯೇ ರೇಷ್ಮೆಗೆ ತಕ್ಕ ಹೊದಿಕೆ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಾಯಿಸಿದರೆ ಜರಿಯೂ ಮುರಿಯದು.

ಧಾರಾವಾಹಿಗಳಲ್ಲಿ ನಾಯಕಿ ಇಪ್ಪತ್ತು ವರ್ಷಗಳ ಮೇಲೆ ಪೆಟ್ಟಿಗೆ ತೆರೆದು, ಕಣ್ಣೀರು ಸುರಿಸುತ್ತ ಹಳೆಯ ಪತ್ರವನ್ನು ಓದುತ್ತಾಳೆ. ಅಕ್ಷರವೊಂದೂ ಅಳಿಸಿರುವುದಿಲ್ಲ! ನಮ್ಮ ಬೀರುಗಳಲ್ಲಿ ಹಾಗಾಗುವುದಿಲ್ಲ. ತೋಟದ ಕ್ರಯಪತ್ರ, ಮಕ್ಕಳ ಪರೀಕ್ಷೆಯ ಸರ್ಟಿಫಿಕೇಟು, ಮದುವೆಯ ಚಿತ್ರಗಳು ಇವೆಲ್ಲ ಕಾಗದ ಮತ್ತು ಅಂಟು. ಸೀರೆಯಾದರೆ ಇನ್ನೊಂದು ಕೊಳ್ಳಬಹುದು, ಇವನ್ನು ಕೊಳ್ಳಲಾಗದು. ಇವುಗಳಿಗೆ ಬೀರುವಿನ ಕೆಳಗಿನ ಅರೆ ಜಾಗವಲ್ಲ. ಒಳಗೋಡೆಯ ಕಡೆ, ಎದೆಯೆತ್ತರದಲ್ಲಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಡಬ್ಬಕ್ಕೆ ಹಾಕುವ ಮುನ್ನ ಕಾಗದ ಪೂರ್ತಿ ಒಣಗಿರಬೇಕು.

ಸಿಲಿಕಾ ಜೆಲ್ ಹಾಗೂ ಪೇಟೆಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು ಮುಚ್ಚಿದ ಸಣ್ಣ ಜಾಗದಲ್ಲಿ ನಿಜವಾಗಿಯೂ ತೇವ ಹೀರುತ್ತವೆ. ಸೋರುವ ಗೋಡೆಯ ಮುಂದೆ ಅವು ಸಮುದ್ರಕ್ಕೆ ಹಿಡಿದ ಸೌಟು. ನಮ್ಮ ಸೀಮೆಯಲ್ಲಿ ಕರಟದ ಇದ್ದಲಿಗೆ ಕೊರತೆಯಿಲ್ಲ. ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟರೆ ಮುಗ್ಗಲು ವಾಸನೆಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ತೇವವನ್ನು ಹೀರುವುದು ಅಲ್ಪ. ಕರ್ಪೂರವೂ ನ್ಯಾಫ್ತಲೀನ್ ಗುಳಿಗೆಯೂ ಹುಳುಹುಪ್ಪಟೆಯನ್ನು ಓಡಿಸಲು ಇರುವವು. ತೇವವನ್ನು ಅವು ಮುಟ್ಟುವುದಿಲ್ಲ, ಮುಗ್ಗಲನ್ನು ಮರೆಮಾಡಿ ನಮ್ಮನ್ನು ಮೈಮರೆಸುತ್ತವೆ. ನ್ಯಾಫ್ತಲೀನಿನ ವಿಷಯದಲ್ಲಿ ಬಾಣಂತಿಯಿರುವ ಮನೆಯವರಿಗೆ ಇನ್ನೊಂದು ಮಾತು: ಹುಟ್ಟಿನಿಂದಲೇ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳುಂಟು. ಗುಳಿಗೆಯ ವಾಸನೆ ಹಿಡಿದ ಬಟ್ಟೆ ಹೊದಿಸಿದರೆ ಅಂಥ ಕೂಸಿನ ರಕ್ತಕಣಗಳು ಒಡೆದು ಕಾಮಾಲೆ ಬರಬಹುದು. ಯಾವ ಕೂಸಿಗೆ ಈ ಕೊರತೆಯಿದೆಯೆಂದು ನೋಟಕ್ಕೆ ತಿಳಿಯದು. ಕೂಸಿನ ಬಟ್ಟೆಗಳ ಹತ್ತಿರ ಆ ಗುಳಿಗೆ ಬೇಡ.

ಕಡೆಯದಾಗಿ, ಊರಿನಿಂದ ಬರುವ ಚೀಲದ ವಿಷಯ. ತೆಂಗಿನ ಸೀಮೆಯ ಮಕ್ಕಳು ಬೆಂಗಳೂರಿಗೆ ಬರುವಾಗ ತಾಯಂದಿರು ಬರಿಗೈಯಲ್ಲಿ ಕಳಿಸುವುದುಂಟೆ? ಒಂದು ಗೋಣಿ ಕಾಯಿ, ಒಂದು ಚೀಲ ಕೊಬ್ಬರಿ ಬಂದೇ ಬರುತ್ತದೆ. ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಜಾಗವೆಲ್ಲಿ? ಮಂಚದ ಕೆಳಗೆ, ಇಲ್ಲವೆ ಬೀರುವಿನ ತಳದ ಅರೆಯಲ್ಲಿ. ಹಸಿ ಕಾಯಿ ಆರುತ್ತ ಆರುತ್ತ ತನ್ನ ನೀರನ್ನೆಲ್ಲ ಆ ಮುಚ್ಚಿದ ಜಾಗಕ್ಕೇ ಬಿಡುತ್ತದೆ. ಅಟ್ಟದಲ್ಲಿ ಗಾಳಿ ಒಯ್ಯುತ್ತಿದ್ದ ತೇವವನ್ನು ಇಲ್ಲಿ ಕೋಟು, ಸೀರೆಗಳು ಕುಡಿಯುತ್ತವೆ. ಕಾಯನ್ನು ಬಾಲ್ಕನಿಯಲ್ಲೋ ಅಡಿಗೆಮನೆಯ ತೆರೆದ ಅರೆಯಲ್ಲೋ ಪಟ್ಟಿಗಳ ಮೇಲೆ ಇಡಿ. ಕೊಬ್ಬರಿಯನ್ನು ಬಿಸಿಲಿಗೆ ಹಾಕಿ ಗಾಳಿಯಾಡದ ಡಬ್ಬಕ್ಕೆ ತುಂಬಿ.

ಬೂಷ್ಟು ಹಿಡಿದ ಕೊಬ್ಬರಿಯನ್ನು ಕೆರೆದು, ಒರೆಸಿ, ಚಟ್ನಿಪುಡಿಗೆ ಹಾಕುವವರಿದ್ದಾರೆ. ಬಟ್ಟೆಯಂತೆ ಇದನ್ನು ಉಳಿಸಿಕೊಳ್ಳಲಾಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಕಾರಣ ಹುಡುಕಿದಾಗ ಅವು ತಿಂದಿದ್ದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉಂಟುಮಾಡಿದ ವಿಷ ಸಿಕ್ಕಿತು. ಅಫ್ಲಾಟಾಕ್ಸಿನ್ ಎಂಬ ಆ ವಿಷ ಯಕೃತ್ತಿಗೆ ಮಾರಕ, ಕ್ಯಾನ್ಸರಿಗೂ ಕಾರಣ. ಸರಿಯಾಗಿ ಒಣಗದ ಕೊಬ್ಬರಿಯ ಮೇಲೂ ಅದೇ ಬೂಷ್ಟು ಬೆಳೆಯುತ್ತದೆ. ಮನೆಯ ಒಲೆಯಲ್ಲಿ ಹುರಿದರೆ ಆ ವಿಷ ಪೂರ್ತಿ ನಾಶವಾಗುವುದಿಲ್ಲ. ಹಳದಿ-ಹಸಿರು ಬೂಷ್ಟು ಕಂಡ ಗಿಟುಕನ್ನು ಒಳಗಿನ ತಿರುಳು ಬೆಳ್ಳಗೇ ಇದ್ದರೂ ಎಸೆದುಬಿಡಿ, ದನಕ್ಕೂ ಹಾಕಬೇಡಿ. ಅದನ್ನಿಟ್ಟಿದ್ದ ಚೀಲವನ್ನು ಕೋಣೆಯೊಳಗೆ ಕೊಡವದೆ, ಹೊರಗೆ ಒಯ್ದು ಸುಟ್ಟುಹಾಕಿ.